ಎರಡನೇ ಎಣಿಕೆ

ಪಿಎಚ್‌ಡಿ ಮುಗಿಸಿದವರಿಗೆಂದು ಇದ್ದದ್ದು ಒಂದೇ ಪೋಸ್ಟ್‌ಡಾಕ್ ಜಾಗ, ಬಂದದ್ದು ರಾಶಿ ಅರ್ಜಿ. ಪ್ರತಿ ಅರ್ಜಿಯ ಬೆನ್ನಿಗೂ ಅವರವರ ಗುರುಗಳ ಶಿಫಾರಸು ಪತ್ರ. ಇಂಥ ಪತ್ರಗಳನ್ನು ಓದುತ್ತಾ ನನ್ನ ಕೂದಲು ಬೆಳ್ಳಗಾಗಿದೆ, ಒಂದರಲ್ಲಾದರೂ ‘ಈ ಹುಡುಗ ಸಾಧಾರಣ’ ಎಂದು ಬರೆದದ್ದನ್ನು ಕಂಡಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಎಲ್ಲರೂ ಅಸಾಧಾರಣರು, ಎಲ್ಲರೂ ತಮ್ಮ ತಲೆಮಾರಿನ ಮೊದಲ ಐವರಲ್ಲಿ ಒಬ್ಬರು. ಹಾಗಾದರೆ ಆರನೆಯವರೆಲ್ಲ ಎಲ್ಲಿಗೆ ಹೋದರು ಎಂಬ ಕುತೂಹಲ ನನಗೆ ಮೊದಲಿಂದಲೂ ಇದೆ.

ನಮ್ಮದು ಪರಾಗ ಎಣಿಸುವ ಲ್ಯಾಬು. ಕೆರೆಯ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಕೆಸರು ತೆಗೆಯುತ್ತೇವೆ. ಆಳಕ್ಕೆ ಹೋದಷ್ಟೂ ಹಳೇ ಕಾಲದ ಕೆಸರು. ಅದರಲ್ಲಿ ಯಾವ ಯಾವ ಗಿಡದ ಪರಾಗ ಉಳಿದಿದೆ ಎಂದು ಮೈಕ್ರೋಸ್ಕೋಪಿನಲ್ಲಿ ಒಂದೊಂದೇ ಕಣ ನೋಡಿ ಎಣಿಸಿದರೆ, ಆ ಕಾಲದಲ್ಲಿ ಕೆರೆಯ ಸುತ್ತ ಏನು ಬೆಳೆದಿತ್ತು, ಜನ ಬೇಸಾಯ ಶುರು ಮಾಡಿದ್ದು ಯಾವಾಗ ಎಂದು ಹೇಳಬಹುದು. ನನ್ನ ತಮ್ಮ ಇದನ್ನು ಧೂಳೆಣಿಸುವ ಕೆಲಸ ಅನ್ನುತ್ತಾನೆ. ಅವನ ತಪ್ಪೇನಿಲ್ಲ, ಹತ್ತಿರ ಹತ್ತಿರ ಅದೇ.

ಈ ಲ್ಯಾಬು ಕಟ್ಟಿದ್ದು ನಾನು ಮತ್ತು ನನ್ನ ಗೆಳತಿ. ಒಂದು ಕಟ್ಟುಪಾಡು ನಾವೇ ಮಾಡಿಕೊಂಡಿದ್ದೆವು. ಪ್ರತಿ ಸ್ಲೈಡನ್ನೂ ಇಬ್ಬರು ಎಣಿಸಬೇಕು, ಬೇರೆ ಬೇರೆಯಾಗಿ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತೋರಿಸದೆ. ಆಮೇಲೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಜಗಳ. ಆ ಜಗಳಗಳೇನು ಸಣ್ಣವಲ್ಲ. “ಕಣ್ಣು ಎಲ್ಲಿಟ್ಟಿದ್ದೀಯೇ?” ಅಂತ ಅವಳು, “ನಿನ್ನ ತಲೆ ಎಲ್ಲಿಟ್ಟಿದ್ದೀಯ?” ಅಂತ ನಾನು. ಕೊನೆಗೆ ಇಬ್ಬರೂ ಒಂದೇ ಕಣದ ಮುಂದೆ ಸರದಿಯಂತೆ ಬಗ್ಗಿ ನೋಡಿ, ಯಾರೋ ಒಬ್ಬರು ಸೋತು, ಒಟ್ಟಿಗೆ ಊಟಕ್ಕೆ ಹೋಗುತ್ತಿದ್ದೆವು. ಜಗಳ ಜೋರಾದ ದಿನ ಹಸಿವೂ ಜೋರು.

ಅವಳು ತೀರಿಹೋಗಿ ನಾಲ್ಕು ವರ್ಷವಾಯಿತು. ಅವಳ ಜಾಗಕ್ಕೆ ಒಬ್ಬರನ್ನು ಕೊಡಿ ಎಂದು ನಮ್ಮ ಡೈರೆಕ್ಟರನ್ನು ಕೇಳಿದಾಗಲೆಲ್ಲ ಮುಂದಿನ ವರ್ಷ ಅಂದರು. ಎರಡನೇ ಎಣಿಕೆಗೆ ಯಾರೂ ಇರಲಿಲ್ಲ. ಕೆಲಸ ನಿಲ್ಲಿಸುವ ಹಾಗಿಲ್ಲ. ಅದಕ್ಕೆ ನಾನೇ ಒಂದು ಸಲ ಎಣಿಸಿ, ವಾರ ಬಿಟ್ಟು ಮತ್ತೆ ನಾನೇ ಎಣಿಸುತ್ತಿದ್ದೆ. ವಾದಿಯೂ ನಾನೇ, ಪ್ರತಿವಾದಿಯೂ ನಾನೇ, ಜಡ್ಜೂ ನಾನೇ. ಲೆಕ್ಕ ಯಾವಾಗಲೂ ತಾಳೆಯಾಗುತ್ತಿತ್ತು. ಇಷ್ಟು ನೆಮ್ಮದಿಯ, ಇಷ್ಟು ಬೇಸರದ ಕೆಲಸ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಗೆಳತಿಗೆ ಒಂದು ನಂಬಿಕೆ ಇತ್ತು. ನಮ್ಮ ಕೆರೆಯ ದಂಡೆಯಲ್ಲಿ ಎಲ್ಲರೂ ಅಂದುಕೊಂಡಿರುವುದಕ್ಕಿಂತ ಬಹಳ ಮೊದಲೇ ಜನ ಬೆಳೆ ಬೆಳೆದಿದ್ದರು, ಅದರ ಪರಾಗ ಆಳದ ಕೆಸರಿನಲ್ಲಿ ಸಿಕ್ಕೇ ಸಿಗುತ್ತದೆ ಎಂದು. ಬೆಳೆಯೂ ಹುಲ್ಲಿನ ಜಾತಿಯೇ, ಕಾಡುಹುಲ್ಲೂ ಹುಲ್ಲೇ. ಎರಡರ ಪರಾಗವೂ ಗುಂಡಗೆ, ಒಂದೇ ತೂತು, ತೂತಿನ ಸುತ್ತ ಒಂದು ಉಂಗುರ. ಗಾತ್ರ ನೋಡಿ ಹೇಳಲಾಗದ ಕಣಗಳಲ್ಲಿ ಉಂಗುರವೇ ಗತಿ. ಅದು ದಪ್ಪಗಿದ್ದರೆ ಬೆಳೆ, ತೆಳ್ಳಗಿದ್ದರೆ ಕಾಡು. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು, “ನೀನು ಹೇಳಿದ್ದನ್ನ ಹುಡುಕಿಕೊಡ್ತೀನಿ” ಅಂದಿದ್ದೆ. ಅವಳು ಹೋದ ಮರುವರ್ಷ ಆಳದ ಕೆಸರಿನ ಸ್ಲೈಡಿನಲ್ಲಿ ದಪ್ಪ ಉಂಗುರದ ಕಣ ಸಿಕ್ಕಿತು. ಆಮೇಲೆ ಇನ್ನೊಂದು, ಮತ್ತೊಂದು. ಮೈಕ್ರೋಸ್ಕೋಪಿನ ಮುಂದೆ ಕೂತು ಅತ್ತುಬಿಟ್ಟೆ. ಹೇಳಿಕೊಳ್ಳಲು ಲ್ಯಾಬಿನಲ್ಲಿ ಯಾರೂ ಇಲ್ಲದೆ ತಮ್ಮನಿಗೆ ಫೋನ್ ಮಾಡಿದೆ. “ಒಳ್ಳೇದಾಯ್ತು ಬಿಡಕ್ಕ. ಅಡುಗೆಮನೆ ನಲ್ಲಿ ರಿಪೇರಿ ಆಯ್ತಾ?” ಅಂದ.

ಆ ಫಲಿತಾಂಶವನ್ನು ಒಂದು ಸಮ್ಮೇಳನದಲ್ಲಿ ಹೇಳಿದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಡೈರೆಕ್ಟರು ಮೆತ್ತಗಾಗಿ ಪೋಸ್ಟ್‌ಡಾಕ್ ಜಾಗ ಕೊಟ್ಟರು. ಪ್ರಬಂಧ ಅಚ್ಚಿಗೆ ಹೋಗಿತ್ತು, ಕೊನೆಯ ಕರಡು ತಿದ್ದುವುದಷ್ಟೇ ಬಾಕಿ.

ಆಯ್ಕೆ ಸಮಿತಿಯಲ್ಲಿ ನಾವು ಮೂವರು. ನಾನು, ಡೈರೆಕ್ಟರು, ಮತ್ತು ಸಂಖ್ಯಾಶಾಸ್ತ್ರದ ಪ್ರೊಫೆಸರು. ಈ ಪ್ರೊಫೆಸರಿಗೆ ನಾವು ಇಟ್ಟ ಹೆಸರು ಸರಾಸರಿ ಸಾಹೇಬರು. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದರೂ ‘ಸಾಮಾನ್ಯವಾಗಿ’ ಎಂದು ಶುರು ಮಾಡುವ ಮನುಷ್ಯ. ಅರ್ಜಿಗಳನ್ನು ಜರಡಿ ಹಿಡಿದು, ಕೆಲವರನ್ನು ಕಂಪ್ಯೂಟರ್ ಪರದೆಯ ಮೇಲೆ ಮಾತಾಡಿಸಿ, ಕೊನೆಗೆ ಇಬ್ಬರನ್ನು ಲ್ಯಾಬಿಗೇ ಕರೆಸಿದೆವು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗ ಬಂದವನೇ ಬಾಗಿಲಲ್ಲಿ ನಕ್ಕ, ಸಂಜೆ ಹೋಗುವವರೆಗೂ ಆ ನಗು ಆರಲಿಲ್ಲ. ಮನಸ್ಸಿನಲ್ಲೇ ಅವನಿಗೆ ನಗುಮೊಗ ಎಂದು ಹೆಸರಿಟ್ಟೆ. ಹುಡುಗಿ ನಮಸ್ಕಾರವನ್ನೂ ಅಳೆದು ತೂಗಿ ಹೇಳಿದಳು. ಅವಳಿಗೆ ಗಂಟುಮೋರೆ.

ನಮ್ಮಲ್ಲಿ ಮಾತಿನ ಪರೀಕ್ಷೆಗಿಂತ ಕಣ್ಣಿನ ಪರೀಕ್ಷೆ ದೊಡ್ಡದು. ಒಂದೇ ಸ್ಲೈಡನ್ನು ಒಬ್ಬರಾದ ಮೇಲೊಬ್ಬರಿಗೆ ಕೊಟ್ಟು ಎಣಿಸಲು ಹೇಳುತ್ತೇವೆ. ಯಾರ ಲೆಕ್ಕ ಲ್ಯಾಬಿನ ಲೆಕ್ಕಕ್ಕೆ ಹತ್ತಿರವೋ ಅವರಿಗೆ ಹೆಚ್ಚು ಅಂಕ. ಗೆಳತಿಯೂ ನಾನೂ ಇಬ್ಬರೂ ಎಣಿಸಿಟ್ಟ ಹಳೇ ಸ್ಲೈಡುಗಳು ಬೀರುವಿನ ತುಂಬ ಇದ್ದವು. ಅವನ್ನು ಬಿಟ್ಟು ನಾನು ಕೊಟ್ಟದ್ದು ಆ ಆಳದ ಕೆಸರಿನ ಸ್ಲೈಡನ್ನು. ನನ್ನ ಹೆಮ್ಮೆಯ ಸ್ಲೈಡು. ಅದನ್ನು ನೋಡಿ ಬೆರಗಾಗಲಿ ಎಂಬ ಆಸೆ. ಅದನ್ನು ಇನ್ನೊಬ್ಬರು ಎಣಿಸಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮೇಜಿನ ಹತ್ತಿರ ಇಬ್ಬರನ್ನೂ ಕರೆದು, ಸ್ಲೈಡು ಇಟ್ಟು, ಅದು ಯಾವ ಆಳದ್ದೆಂದೂ ಹೇಳಿ, ನಾನೇ ಮೊದಲು ಬಗ್ಗಿ ನೋಡಿ ಹದ ಮಾಡಿ ಕೊಟ್ಟೆ.

ಮಧ್ಯಾಹ್ನ ಊಟಕ್ಕೆ ನಗುಮೊಗ ತನ್ನ ತಟ್ಟೆ ಹಿಡಿದು ನನ್ನ ಎದುರಿಗೇ ಬಂದು ಕೂತ. “ನಿಮ್ಮ ಸಮ್ಮೇಳನದ ಭಾಷಣ ಮೂರು ಸಲ ಕೇಳಿದೀನಿ ಮೇಡಂ” ಅಂದ. ಗೆಳತಿಯ ಬಗ್ಗೆ ಕೇಳಿದ. ನಾನು ಹೇಳುತ್ತಾ ಹೋದೆ, ಅವನು ಸರಿಯಾದ ಜಾಗದಲ್ಲಿ ನಗುತ್ತಾ ಹೋದ. ನಮ್ಮ ಜಗಳಗಳ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡ. ಎಷ್ಟೋ ಕಾಲದ ಮೇಲೆ ಆ ಮೇಜಿನಲ್ಲಿ ನನ್ನ ಊಟ ತಣ್ಣಗಾಗಿತ್ತು, ಮಾತಿನಲ್ಲಿ ಮೈಮರೆತು. ಇವನು ಬಂದರೆ ದಿನಾ ಹೀಗೇ ಇರಬಹುದಲ್ಲ ಎಂದು ಮನಸ್ಸು ಆಗಲೇ ಕುರ್ಚಿ ಹಾಕಿ ಕಾಯುತ್ತಿತ್ತು. ಗಂಟುಮೋರೆ ದೂರದ ಕಿಟಕಿಯ ಹತ್ತಿರ ನಮಗೆ ಬೆನ್ನು ಹಾಕಿ ತಿನ್ನುತ್ತಿದ್ದಳು. ಬಾರಮ್ಮ ಎಂದು ಕರೆದದ್ದಕ್ಕೆ, “ಊಟ ಮಾಡುವಾಗ ನಾನು ಮಾತಾಡಲ್ಲ ಮೇಡಂ” ಅಂದಳು.

ಸಂದರ್ಶನಕ್ಕೆ ಮೊದಲು ಬಂದವನು ಹುಡುಗ. ಅವನ ಲೆಕ್ಕ ನನ್ನದಕ್ಕೆ ಎಷ್ಟು ಹತ್ತಿರವಿತ್ತೆಂದರೆ ಸರಾಸರಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹುಡುಗಿ. ಅವಳ ಹಾಳೆಯಲ್ಲಿ ಬೆಳೆಯ ಕಾಲಮ್ಮಿನಲ್ಲಿ ಒಂದು ಸೊನ್ನೆ.

“ಬೆಳೆಯ ಪರಾಗ ಒಂದೂ ಇಲ್ವಾ?” ಎಂದೆ.

“ಇಲ್ಲ.”

“ಸರಿಯಾಗಿ ನೋಡಿದ್ರಾ?”

“ನೋಡಿದೆ. ಉಂಗುರ ಎಲ್ಲಾ ತೆಳ್ಳಗಿದೆ. ಅವು ಕಾಡುಹುಲ್ಲು.”

“ಸ್ವಲ್ಪ ಯೋಚನೆ ಮಾಡಿ ಹೇಳಿ. ಇದು ಸಣ್ಣ ವಿಷಯ ಅಲ್ಲ.”

“ಯೋಚನೆ ಮಾಡಿದ್ರೆ ಉಂಗುರ ದಪ್ಪ ಆಗುತ್ತಾ ಮೇಡಂ?” ಅಂದಳು. ಅದರಲ್ಲಿ ಉದ್ಧಟತನವಿರಲಿಲ್ಲ, ನಿಜವಾಗಿಯೂ ಕೇಳಿದ ಹಾಗಿತ್ತು. “ಈ ಸ್ಲೈಡಿನ ಎರಡನೇ ಎಣಿಕೆ ಯಾರು ಮಾಡಿದ್ದು?”

ನಾನು ಅವಳ ಹಾಳೆಯನ್ನು ಮಗುಚಿಟ್ಟೆ. ಡೈರೆಕ್ಟರು ಕೆಮ್ಮಿದರು.

“ನೀವು ಯಾವ ಕಣ್ಣಲ್ಲಿ ನೋಡ್ತೀರಿ?” ಎಂದು ಮತ್ತೆ ಕೇಳಿದಳು.

ಡೈರೆಕ್ಟರು ನಕ್ಕುಬಿಟ್ಟರು. “ಪ್ರಶ್ನೆ ಕೇಳೋರು ನಾವಮ್ಮ” ಎಂದು ಅವಳನ್ನು ಕಳಿಸಿದರು. ನನಗೆ ಮೈಯೆಲ್ಲ ಉರಿದುಹೋಗಿತ್ತು. ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು ನನ್ನ ಕಣ್ಣಿನ ಬಗ್ಗೆ ಕೇಳುತ್ತಾಳೆ. ಹುಡುಗನೇ ಸರಿ ಎಂದು ಮೂವರೂ ಒಪ್ಪಿದೆವು. ಮಾರನೆಯ ದಿನ ಮಧ್ಯಾಹ್ನ ಸೇರಿ ಸಹಿ ಹಾಕುವುದೆಂದಾಯಿತು.

ಮಾರನೆಯ ದಿನ ಬೆಳಿಗ್ಗೆ ಲ್ಯಾಬಿಗೆ ಬಂದವಳು ಚೀಲವನ್ನೂ ಕೆಳಗಿಡದೆ ಸೀದಾ ಆ ಸ್ಲೈಡಿನ ಮುಂದೆ ಕೂತೆ. ಹುಡುಗಿಯದ್ದು ತಪ್ಪು ಎಂದು ಒಂದು ಸಲ ಕಣ್ಣಾರೆ ನೋಡಿಬಿಟ್ಟರೆ ನೆಮ್ಮದಿ. ನಾನು ಕಲಿತದ್ದು ಒಂಟಿ ಕೊಳವೆಯ ಹಳೇ ಮೈಕ್ರೋಸ್ಕೋಪಿನಲ್ಲಿ. ಈಗ ಎರಡು ಕಣ್ಣಿಗೂ ಜಾಗವಿದ್ದರೂ ನಾನು ಇವತ್ತಿಗೂ ಎಡಗಣ್ಣು ಮುಚ್ಚಿ ಬಲಗಣ್ಣಲ್ಲೇ ನೋಡುವುದು. ನೋಡಿದೆ. ಉಂಗುರ ಇತ್ತು, ದಪ್ಪಗೆ, ಮುದ್ದಾಗಿ. “ನೋಡ್ಕೋ” ಎಂದು ಖಾಲಿ ಕೋಣೆಯಲ್ಲಿ ಜೋರಾಗಿಯೇ ಹೇಳಿದೆ. ಆಮೇಲೆ ಅವಳ ಬಾಯಿ ಮುಚ್ಚಿಸಲೆಂದೇ ಎಡಗಣ್ಣಲ್ಲಿ ನೋಡಿದೆ.

ಉಂಗುರ ತೆಳ್ಳಗಿತ್ತು.

ಕಣ್ಣು ಉಜ್ಜಿಕೊಂಡೆ. ಬಲ, ದಪ್ಪ. ಎಡ, ತೆಳು. ಇನ್ನೊಂದು ಕಣ ಹುಡುಕಿದೆ, ಅದೂ ಹಾಗೇ. ಕ್ಯಾಮೆರಾ ಜೋಡಿಸಿ ಫೋಟೊ ತೆಗೆದು, ಪರದೆಯ ಮೇಲೆ ದೊಡ್ಡದು ಮಾಡಿ ಅಳೆದೆ. ಕಾಡುಹುಲ್ಲು. ಎಲ್ಲಾ ಕಾಡುಹುಲ್ಲು. ಕೆಲವು ವರ್ಷಗಳಿಂದ ನನಗೆ ಬೀದಿದೀಪಗಳಿಗೂ ಯಾರೋ ಬಳೆ ತೊಡಿಸಿದ ಹಾಗೆ ಕಾಣುತ್ತಿತ್ತು. ದೀಪದ ಗಾಜು ಒರೆಸುವುದಿಲ್ಲ ಎಂದು ನಗರಸಭೆಯವರಿಗೆ ಬೈದುಕೊಂಡು ಓಡಾಡುತ್ತಿದ್ದೆ. ಪೊರೆ ಇದ್ದದ್ದು ನನ್ನ ಕಣ್ಣಿನಲ್ಲಿ.

ಹುಡುಗನ ಹಾಳೆಯನ್ನು ಮತ್ತೆ ತೆಗೆದು ನೋಡಿದೆ. ಅವನ ಕಣ್ಣಿಗೆ ಪೊರೆ ಬಂದಿರಲಿಲ್ಲ. ಅವನು ನನ್ನ ಭಾಷಣ ಮೂರು ಸಲ ಕೇಳಿದ್ದ. ಈ ಆಳದಲ್ಲಿ ಎಷ್ಟು ಬೆಳೆ ಸಿಗಬೇಕೆಂದು ಅವನಿಗೆ ಗೊತ್ತಿತ್ತು. ಅನುಮಾನ ಬಂದ ಕಣವನ್ನೆಲ್ಲ ನನ್ನ ಕಡೆಗೆ ಹಾಕಿದ್ದ. ಅದನ್ನು ಮೋಸ ಅನ್ನಲಾರೆ, ಗೌರವ ಅನ್ನಬೇಕು. ಅವನು ಸ್ಲೈಡನ್ನು ಬಿಟ್ಟು ನನ್ನನ್ನು ಎಣಿಸಿದ್ದ.

ಆ ಬೆಳಿಗ್ಗೆ ನನಗೆ ಆದ ದುಃಖ ಪ್ರಬಂಧದ್ದಲ್ಲ, ಮಾನದ್ದೂ ಅಲ್ಲ. ಅವೆಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಗೆಳತಿಯ ಮುಖ. ಅವಳು ಹೇಳಿದ್ದನ್ನು ಹುಡುಕಿಕೊಟ್ಟೆ ಎಂದು ಇಷ್ಟು ದಿನ ಒಂದು ಸಮಾಧಾನವಿತ್ತು. ಹುಡುಕಿಯೇ ಇರಲಿಲ್ಲ, ಇಲ್ಲದ್ದನ್ನು ಕಟ್ಟಿಕೊಟ್ಟಿದ್ದೆ. ಅವಳು ಬದುಕಿದ್ದರೆ ಮೊದಲ ದಿನವೇ “ಕಣ್ಣು ಎಲ್ಲಿಟ್ಟಿದ್ದೀಯೇ?” ಅನ್ನುತ್ತಿದ್ದಳು. ತನ್ನ ನಂಬಿಕೆಯೇ ಮುರಿದು ಬಿದ್ದರೂ ಅನ್ನುತ್ತಿದ್ದಳು. ಒಂಟಿತನ ಅಂದರೆ ಊಟಕ್ಕೆ ಜೊತೆಯಿಲ್ಲದಿರುವುದು ಅಂದುಕೊಂಡಿದ್ದೆ. ನೀನು ತಪ್ಪು ಎಂದು ಹೇಳುವವರು ಒಬ್ಬರೂ ಇಲ್ಲದೆ ನಾಲ್ಕು ವರ್ಷ ಕಳೆದಿದ್ದೆ, ಅದನ್ನು ನೆಮ್ಮದಿ ಅಂದುಕೊಂಡಿದ್ದೆ.

ತಮ್ಮನಿಗೆ ಫೋನ್ ಮಾಡಿದೆ. ಬೇರೆ ಯಾರಿಗೆ ಮಾಡಲಿ? ಅವನು ಆಫೀಸಿನಲ್ಲಿದ್ದ, ಆದರೂ ಪೂರ್ತಿ ಕೇಳಿಸಿಕೊಂಡ.

“ಈ ವಿಷಯ ಬೇರೆ ಯಾರಿಗೆ ಗೊತ್ತು?”

“ಆ ಹುಡುಗಿಗೆ.”

“ಅವಳನ್ನ ತಗೊಂಡಿಲ್ಲ ಅಲ್ವಾ? ಸುಮ್ಮನಿದ್ದುಬಿಡು. ಯಾವ ಕಾಲದ್ದೋ ಹುಲ್ಲು, ಯಾವನಿಗೆ ಏನಾಗಬೇಕಿದೆ? ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತೀಯ. ಆ ಹುಡುಗ ಒಳ್ಳೆಯವನು ಅಂತೀಯ, ಜೊತೆಗಿರ್ತಾನೆ. ನೀನು ಒಬ್ಬಳೇ ಇರೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತಕ್ಕ.”

ಅವನು ಹೇಳಿದ್ದು ಪ್ರೀತಿಯಿಂದ. ಅದೇ ಕಷ್ಟವಾದದ್ದು. ಸುಮ್ಮನಿರುವುದು ಎಷ್ಟು ಸುಲಭವಿತ್ತು ಎಂದರೆ ಅದಕ್ಕೆ ನಾನು ಏನೂ ಮಾಡಬೇಕಿರಲಿಲ್ಲ. ಮಧ್ಯಾಹ್ನ ಹೋಗಿ ಒಂದು ಸಹಿ. ಕರಡು ತಿದ್ದಿ ಕಳಿಸಿದರೆ ಪ್ರಬಂಧ ಅಚ್ಚಾಗುತ್ತದೆ, ಗೆಳತಿಯ ಹೆಸರಿನ ಜೊತೆ. ಊಟದ ಮೇಜಿನಲ್ಲಿ ಎದುರಿಗೆ ಒಂದು ನಗುಮುಖ. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು ಎಂದು ಗಾದೆಯೇ ಇದೆಯಲ್ಲ. ಚಾವಡಿ ನನ್ನದು, ಹೌದಪ್ಪ ಬರಲು ಸಿದ್ಧನಾಗಿದ್ದಾನೆ. ಮಧ್ಯಾಹ್ನದವರೆಗೂ ನಾನು ಅದನ್ನೇ ಮಾಡುವವಳಿದ್ದೆ. ಡೈರೆಕ್ಟರ ಕೋಣೆಗೆ ಹೋಗುವಾಗಲೂ ಪೆನ್ನು ಕೈಯಲ್ಲೇ ಇತ್ತು.

ಸರಾಸರಿ ಸಾಹೇಬರು ಹಾಳೆ ಮುಂದಿಟ್ಟು, “ಹುಡುಗನ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ವ್ಯತ್ಯಾಸವೇ ಇಲ್ಲ. ಸಾಮಾನ್ಯವಾಗಿ ಇಷ್ಟು ಹೊಂದಿಕೆ ಗಂಡಹೆಂಡಿರಲ್ಲೂ ಇರಲ್ಲ” ಎಂದು ನಗಾಡಿದರು. ಅವರು ಆ ಮಾತು ಆಡದಿದ್ದರೆ ಏನಾಗುತ್ತಿತ್ತೋ. ಗೆಳತಿಯ ಜೊತೆಗಿನ ಜಗಳಗಳು ನೆನಪಾದವು, ಪೆನ್ನು ಕೆಳಗಿಟ್ಟೆ.

“ಹುಡುಗಿಯ ಲೆಕ್ಕ ಸರಿ,” ಎಂದೆ. “ನನ್ನದು ತಪ್ಪು. ಬಲಗಣ್ಣಿಗೆ ಪೊರೆ ಬಂದಿದೆ. ಫೋಟೊ ತಂದಿದೀನಿ, ನೋಡಿ.”

ಡೈರೆಕ್ಟರು ಫೋಟೊ ನೋಡಲಿಲ್ಲ, ನನ್ನನ್ನು ನೋಡಿದರು. “ಪ್ರಬಂಧ?”

“ವಾಪಸ್ ತಗೋಬೇಕು. ಈ ನಾಲ್ಕು ವರ್ಷದ ಸ್ಲೈಡುಗಳನ್ನೆಲ್ಲ ಮತ್ತೆ ಎಣಿಸಬೇಕು.”

“ನೀವು ಏನು ಹೇಳ್ತಿದೀರಿ ಅಂತ ನಿಮಗೆ ಗೊತ್ತಿದೆಯಾ? ಸಮ್ಮೇಳನದಲ್ಲಿ ಹೇಳಿದೀರಿ. ಪತ್ರಿಕೆಗಳಲ್ಲಿ ಸುದ್ದಿಯಾಗಿ ಬಂದಿದೆ. ನನ್ನ ಭಾಷಣಗಳಲ್ಲೆಲ್ಲ ನಾನೂ ಹೇಳಿಕೊಂಡು ತಿರುಗಿದೀನಿ.” ಅವರ ಮುಖ ಕೆಂಪಾಯಿತು. ಆಮೇಲೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವುಗಳಲ್ಲಿ ಅರ್ಧ ನನಗೆ ಸಲ್ಲಬೇಕಾದವೇ. ಜಾಗ ಕೊಡಿ ಎಂದು ನಾಲ್ಕು ವರ್ಷ ಇವರನ್ನೇ ಕೇಳಿದ್ದೆನಲ್ಲ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಸರಾಸರಿ ಸಾಹೇಬರು ಮಾತ್ರ ಫೋಟೊಗಳನ್ನು ಒಂದೊಂದಾಗಿ ನೋಡಿ ಮುಗಿಸಿ, “ಹುಡುಗಿಯೇ” ಅಂದರು. ಅವರ ಬಾಯಲ್ಲಿ ‘ಸಾಮಾನ್ಯವಾಗಿ’ ಇಲ್ಲದ ಮಾತು ನಾನು ಕೇಳಿದ್ದು ಅದೇ ಮೊದಲು. ಡೈರೆಕ್ಟರು ಕೊನೆಗೆ ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ತಳ್ಳಿದರು.

ನಗುಮೊಗನಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವನ ನಗು ಆರಿದ್ದು ಫೋನಿನಲ್ಲೂ ಗೊತ್ತಾಯಿತು. “ನನ್ನ ಲೆಕ್ಕ ನಿಮ್ಮದಕ್ಕೆ ಸರಿಹೊಂದಿತ್ತಲ್ಲ ಮೇಡಂ?” ಎಂದ. “ಅದೇ ತೊಂದರೆ ಆಗಿದ್ದಪ್ಪ” ಎಂದು ವಿವರಿಸಿ ಹೇಳಿದೆ. ಥ್ಯಾಂಕ್ಸ್ ಎಂದು ಫೋನ್ ಇಟ್ಟ. ಒಳ್ಳೆಯ ಹುಡುಗ. ಅವನನ್ನು ಕಳೆದುಕೊಂಡದ್ದಕ್ಕೆ ನನಗೆ ನಿಜವಾಗಿಯೂ ನೋವಾಯಿತು.

ಆಮೇಲೆ ಹುಡುಗಿಗೆ. ಲ್ಯಾಬಿನಲ್ಲಿ ಬಾಗಿಲು ಹಾಕಿಕೊಂಡು ಕೂತು ಮಾಡಿದೆ. ನಿಮ್ಮನ್ನು ಆಯ್ಕೆ ಮಾಡಿದ್ದೇವೆ ಎಂದೆ.

“ನನ್ನನ್ನಾ?” ಅಂದಳು. “ನಾನು ಫೇಲ್ ಅಂದ್ಕೊಂಡಿದ್ದೆ.”

“ನಿಮ್ಮ ಲೆಕ್ಕವೇ ಸರಿ. ನನ್ನದು ತಪ್ಪಾಗಿತ್ತು. ನಿಮಗೆ ಹೇಗೆ ಗೊತ್ತಾಯ್ತು, ಕಣ್ಣಿನ ವಿಷಯ?”

“ಸ್ಲೈಡ್ ಹದ ಮಾಡುವಾಗ ಎಡಗಣ್ಣು ಮುಚ್ಚಿಕೊಂಡ್ರಿ. ಆಮೇಲೆ ದೀಪದ ಕಡೆ ನೋಡುವಾಗ ಬಲಗಣ್ಣು ಕಿರಿದು ಮಾಡ್ತಿದ್ರಿ. ನಮ್ಮಮ್ಮನೂ ಹಾಗೇ ಮಾಡ್ತಿದ್ರು.”

ಅವಳ ಅಮ್ಮನ ಮಾತು ಬಂದ ಕೂಡಲೇ ಇವಳ ಜೊತೆಗೂ ಮಾತಾಡಬಹುದು, ನಿಧಾನವಾಗಿ ಹತ್ತಿರವಾಗುತ್ತಾಳೆ ಅನ್ನಿಸಿತು. ಕೆಲಸದ ಬಗ್ಗೆ ಹೇಳಿದೆ. ನಾಲ್ಕು ವರ್ಷದ ಸ್ಲೈಡುಗಳಿವೆ, ಮೊದಲಿಂದ ಎಣಿಸಬೇಕು, ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡಬೇಕು, ಹೊಂದದಿದ್ದರೆ ಜಗಳ ಆಡಬೇಕು, ಅದು ಇಲ್ಲಿಯ ಪದ್ಧತಿ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ದನಿಯಲ್ಲಿ ಉತ್ಸಾಹ ಬಂದದ್ದು ನನಗೇ ಕೇಳಿಸಿತು.

“ಒಂದು ಎಣಿಕೆ ನನ್ನದು,” ಅಂದಳು. “ಎರಡನೇದು ಯಾರದ್ದು?”

“ನಾನೇ. ಕಣ್ಣಿಗೆ ಆಪರೇಷನ್ ಮಾಡಿಸಿಕೊಳ್ತೀನಿ. ಸಣ್ಣ ಆಪರೇಷನ್, ನೀವು ಬರುವಷ್ಟರಲ್ಲಿ ಸರಿಹೋಗಿರುತ್ತೆ.”

ಲೈನು ಕಟ್ಟಾಯಿತೇನೋ ಎಂದು ಹಲೋ ಅಂದೆ.

“ಇದೀನಿ ಮೇಡಂ. ಹೇಗೆ ಹೇಳಲಿ ಅಂತ ನೋಡ್ತಿದ್ದೆ.” ಅವಳ ದನಿ ಮೆತ್ತಗಾಗಿತ್ತು. “ಕಣ್ಣು ಸರಿಹೋಗುತ್ತೆ. ಆದ್ರೆ ನಿಮಗೆ ಅಲ್ಲಿ ಬೆಳೆ ಸಿಗಲೇಬೇಕು ಅಂತ ಇದೆ. ನಿಮ್ಮ ಫ್ರೆಂಡ್‌ಗೋಸ್ಕರ. ಊಟದ ಹೊತ್ತಲ್ಲಿ ನೀವು ಹೇಳ್ತಾ ಇದ್ದದ್ದು ಕಿಟಕಿ ಹತ್ತಿರಕ್ಕೂ ಕೇಳಿಸ್ತಿತ್ತು. ಅಷ್ಟು ಆಸೆ ಇರೋರು ಆ ಸ್ಲೈಡುಗಳನ್ನ ಎಣಿಸಬಾರದು. ಎರಡನೇ ಎಣಿಕೆಗೆ ಬೇರೆಯವರನ್ನ ನೋಡಿ. ನೀವು ಬೇಡ.”

ನಲವತ್ತು ವರ್ಷ ನಾನು ಮಾಡಿದ ಕೆಲಸ ಅದೊಂದೇ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

“ಬೇಜಾರಾಯ್ತಾ ಮೇಡಂ?” ಎಂದು ಕೇಳಿದಳು.

“ಆಯ್ತು,” ಎಂದೆ. “ತುಂಬಾ ಆಯ್ತು. ಆದ್ರೂ ಬನ್ನಿ.”